ತಾತನ ಕೈಗೆ ಕಟ್ಟಿದ ಪಟ್ಟಿ

ಕೊರಳಲ್ಲಿ ಸದಾ ಅಳತೆ ಟೇಪು ನೇತಾಡುತ್ತಿದ್ದ ಆ ದರ್ಜಿಯನ್ನು ಬೀದಿಯವರೆಲ್ಲ ಟೇಪಕ್ಕ ಎನ್ನುತ್ತಿದ್ದರು. ಅವಳ ಬಾಯಿಯನ್ನು ಮಾತ್ರ ಯಾವ ಟೇಪಿನಿಂದಲೂ ಅಳೆಯುವಂತಿರಲಿಲ್ಲ. ಅಂಥ ಬಾಯಿಯನ್ನೂ ಕಟ್ಟಿಹಾಕಿದ್ದು ಮಗಳ ಒಂದು ಮಾತು: "ನಾನು ಡ್ಯೂಟಿಗೆ ಹೋಗೋವಾಗ ಮಗೂನ ಅಪ್ಪನ ಹತ್ರ ಬಿಡಲ್ಲಮ್ಮ. ಬೇರೆಯವರನ್ನ ನೋಡ್ತೀನಿ."

ಮಗಳದ್ದೇನೂ ತಪ್ಪಿರಲಿಲ್ಲ. ಅಪ್ಪ ನೂಲಿನ ಗಿರಣಿಯ ಗದ್ದಲದಲ್ಲಿ ಜೀವ ತೇಯ್ದು ಎರಡೂ ಕಿವಿ ಕಳೆದುಕೊಂಡಿದ್ದ. ಪಕ್ಕದ ಕೋಣೆಯಲ್ಲಿ ಕೂಸು ಅತ್ತು ಅತ್ತು ಕೆಂಪಾದರೂ ಆತ ಪೇಪರ್ ಓದುತ್ತ ಕೂತಿರುತ್ತಿದ್ದ. ಮಗಳ ಮಾತನ್ನು ತುಟಿ ನೋಡಿಯೇ ತಿಳಿದುಕೊಂಡವನು ಅಂದಿನಿಂದ ಮೊಮ್ಮಗನನ್ನು ಎತ್ತಿಕೊಳ್ಳುವುದನ್ನೇ ಬಿಟ್ಟ. 

ಅದನ್ನು ನೋಡಿದ ಟೇಪಕ್ಕ ನೇರ ಪಕ್ಕದಂಗಡಿಯ ರೇಡಿಯೊ ರಿಪೇರಿಯವನ ಬಳಿ ಹೋದಳು. "ಮಗು ಅತ್ತರೆ ನಮ್ಮನೆಯವರ ಕೈಗೆ ಕಟ್ಟಿದ ಪಟ್ಟಿ ನಡುಗಬೇಕು. ಮಾಡೋದು ಹೇಳ್ಕೊಡಿ."

"ನಾನೇ ಮಾಡ್ಕೊಡ್ತೀನಲ್ಲಕ್ಕ."

"ಕೆಟ್ಟಾಗೆಲ್ಲ ನಿಮ್ಮ ಬಾಗಿಲು ಬಡೀಲಾ? ನನಗೇ ಬರಬೇಕು."

ಕಲಿಸುವವನೂ ಗಟ್ಟಿ ಆಸಾಮಿ. ಅವಳ ಮೊದಲ ಬೆಸುಗೆಗಳನ್ನು ನೋಡಿ, "ಇದೇನಕ್ಕ, ನೆಗಡಿ ಮಗೂನ ಮೂಗಾ?" ಎಂದ. ಮೊದಲು ಬಿಡಿಭಾಗದ ತಂತಿಕಾಲು ಬಿಸಿಯಾಗಬೇಕು, ಆಮೇಲೆ ಬೆಸುಗೆಯ ಸೀಸ ಮುಟ್ಟಿಸಬೇಕು ಎಂದು ಕೈಹಿಡಿದು ತೋರಿಸಿದ. ಅವಳು ಬೆರಳು ಸುಟ್ಟುಕೊಂಡಳು, ಬೈದುಕೊಂಡಳು, ಮರುದಿನ ಮತ್ತೆ ಹಾಜರ್. ಕಂಪ್ಯೂಟರಿನಲ್ಲಿ ಬೋರ್ಡಿನ ನಕ್ಷೆ ಬರೆದು, ವಿದ್ಯುತ್ತು ಹರಿಯುವ ತಾಮ್ರದ ದಾರಿಗಳನ್ನು ಒಂದಕ್ಕೊಂದು ತಗುಲದಂತೆ ಎಳೆಯುವುದಂತೂ ಅವಳಿಗೆ ನೀರು ಕುಡಿದಷ್ಟು ಸಲೀಸಾಯಿತು. ಎಷ್ಟು ಬಟ್ಟೆಗೆ ಹೊಲಿಗೆಯ ದಾರಿ ಹುಡುಕಿದವಳು ಅವಳು!

ಅವಳು ಬರೆದ ನಕ್ಷೆಯಂತೆ ಸರ್ಕ್ಯೂಟ್ ಬೋರ್ಡು ಕಾರ್ಖಾನೆಯಿಂದ ಹಸಿರಾಗಿ, ಮುದ್ದಾಗಿ ಬಂತು. ಬಿಡಿಭಾಗ ಕೂರಿಸಿ ಬ್ಯಾಟರಿ ಕೊಟ್ಟಳು. ಪಟ್ಟಿ ನಡುಗಲಿಲ್ಲ, ಬೋರ್ಡಿನ ಎಂಟು ಕಾಲಿನ ಚಿಪ್ ಸುಟ್ಟು ವಾಸನೆ ಬಂತು. ಅತ್ತ ಮಗಳು ಕೂಸು ನೋಡಿಕೊಳ್ಳುವ ಹೆಂಗಸೊಬ್ಬಳಿಗೆ ಮಾತು ಕೊಡುವುದರಲ್ಲಿದ್ದಳು.

"ಎಲ್ಲಿ ತಪ್ಪಿದೆ, ಹೇಳಿ!" ಎಂದು ಟೇಪಕ್ಕ ರಿಪೇರಿಯವನನ್ನು ಗೋಗರೆದಳು.

"ಹೇಳಿದ್ರೆ ನಿಮಗೆ ಬರುತ್ತಾ? ಮೀಟರ್ ಹಿಡೀರಿ."

ಹಾಳಾಗಿ ಹೋಗು ಎಂದುಕೊಂಡೇ ಮೀಟರಿನ ಮೊನೆಯನ್ನು ಒಂದೊಂದೇ ಕಾಲಿಗೆ ಮುಟ್ಟಿಸುತ್ತ ಹೋದಳು. ಎಂಟನೆಯ ಕಾಲಿಗೆ ಹೋಗಬೇಕಾದ ವಿದ್ಯುತ್ತು ಎದುರಿನ ಒಂದನೆಯ ಕಾಲಲ್ಲಿತ್ತು. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ! ಟೇಪಕ್ಕ ಹಣೆ ಚಚ್ಚಿಕೊಂಡಳು. ದರ್ಜಿಗಳು ಗುರುತು ಹಾಕುವುದು ಬಟ್ಟೆಯ ಒಳಮೈಗೆ. ಆ ಕೈ ಅಭ್ಯಾಸದಲ್ಲಿ ಅವಳು ಚಿಪ್ಪನ್ನೂ ಅಂಗಾತ ಮಲಗಿಸಿ, ಹೊಟ್ಟೆಯ ಕಡೆಯಿಂದ ನೋಡಿ ಕಾಲುಗಳನ್ನು ಬರೆದಿದ್ದಳು.

ಹೊಸ ಬೋರ್ಡು ಬರುವವರೆಗೆ ಕಾಯುವಂತಿರಲಿಲ್ಲ. ಬೋರ್ಡನ್ನೇ ಮಗುಚಿ, ಹೊಸ ಚಿಪ್ಪನ್ನು ಹಿಂಬದಿಯಿಂದ ತೂರಿಸಿದಳು. ಕಾಲುಗಳೆಲ್ಲ ತಮ್ಮ ತಮ್ಮ ಜಾಗಕ್ಕೆ ಸರಿಯಾಗಿ ಕೂತವು. ರಿಪೇರಿಯವನು ಬೋರ್ಡನ್ನು ತಿರುಗಿಸಿ ಮುರುಗಿಸಿ ನೋಡಿ, "ಪಾಸು" ಎಂದ.

ಮರುದಿನ ಬೆಳಿಗ್ಗೆ ತೊಟ್ಟಿಲಿಗೆ ಅಳು ಕೇಳಿಸಿಕೊಳ್ಳುವ ಬೋರ್ಡಿನ ಪೆಟ್ಟಿಗೆ ಸಿಕ್ಕಿಸಿ, ಗಂಡನ ಮಣಿಕಟ್ಟಿಗೆ ಪಟ್ಟಿ ಬಿಗಿದಳು. ಮಗಳು ಬ್ಯಾಗು ಹೆಗಲಿಗೇರಿಸಿ, ಅರ್ಧ ಮನಸ್ಸಿನಲ್ಲಿ ಬಾಗಿಲ ಮರೆಯಲ್ಲಿ ನಿಂತಳು. ಒಳಕೋಣೆಯಲ್ಲಿ ಕೂಸು ಕುಸುಕುಸು ಎಂದು ಶುರುಮಾಡಿ, ಆಮೇಲೆ ಬಾಯಿಬಿಟ್ಟು ಅತ್ತಿತು. ತಾತನ ಕೈಯಿಂದ ಪೇಪರ್ ಜಾರಿತು. ಬಿದ್ದಂಬೀಳ ಓಡಿಹೋಗಿ ಮೊಮ್ಮಗನನ್ನು ಎದೆಗವಚಿಕೊಂಡವನು, ತನ್ನ ದನಿಯ ಎತ್ತರ ತನಗೇ ತಿಳಿಯದೆ, ಮನೆ ಹಾರಿಹೋಗುವಂತೆ ಕೂಗಿದ: "ಬಂದೆ ಕಣೋ, ಬಂದೆ! ಸಾಕು, ನಿಲ್ಸೋ! ಎಷ್ಟು ಜೋರಾಗಿ ಅಳ್ತೀಯೋ!"

ಮಗಳು ಕಣ್ಣೊರೆಸಿಕೊಂಡು, ಒಳಗೆ ಇಣುಕಿಯೂ ನೋಡದೆ, ಡ್ಯೂಟಿಗೆ ಹೊರಟಳು.