ಹೊತ್ತಿಕೊಂಡ ಲೋಡು

ಕಸದ ಲಾರಿ ಓಡಿಸುವ ಅವನನ್ನು ಊರೆಲ್ಲ ‘ರೇಡಿಯೋ’ ಎಂದೇ ಕರೆಯುತ್ತಿತ್ತು. ಸ್ಟೇರಿಂಗ್ ಹಿಡಿದನೆಂದರೆ ಬಾಯಿಗೆ ಬೀಗವಿಲ್ಲ. ಹಸಿಕಸ ಒಣಕಸ ಕಲಸಿ ಕೊಟ್ಟು ಏನೂ ಅರಿಯದವರಂತೆ ನಿಲ್ಲುವವರು ಯಾರ್‍ಯಾರೆಂದು ಅವನಿಗೆ ಬಾಯಿಪಾಠ. ಮೊದಲು ಬಸ್ಸು ಓಡಿಸುತ್ತಿದ್ದ. “ಪ್ಯಾಸೆಂಜರಿಗಿಂತ ಕಸಾನೇ ವಾಸಿ, ಚಿಲ್ಲರೆ ಕೇಳಲ್ಲ” ಎನ್ನುತ್ತಿದ್ದ. ಲಾರಿಯ ಹಿಂದೆ ನಿಂತು ಬುಟ್ಟಿ ಸುರಿಯುವವನು ಅವನ ಭಾಮೈದ. ಹೆಂಡತಿ ಎತ್ತಿ ಆಡಿಸಿ ಬೆಳೆಸಿದ ಒಬ್ಬನೇ ತಮ್ಮ.

ಅಂದು ಬೆಳಿಗ್ಗೆ ಇಕ್ಕಟ್ಟಾದ ಬೀದಿಯಲ್ಲಿ ನಿಲ್ಲಿಸಿ, ತುಂಬಿದ ಕಸವನ್ನು ಯಂತ್ರದಿಂದ ಒತ್ತುತ್ತಿದ್ದಂತೆ ಒಳಗೆ ಏನೋ ಟಪ್ಪೆಂದು ಸಿಡಿಯಿತು. ಯಾರೋ ಎಸೆದ ಹಳೆಯ ಬ್ಯಾಟರಿ ಇರಬೇಕು.

“ಭಾವ, ಹೊಗೆ!” ಭಾಮೈದ ಕೂಗಿದ.

ಇಬ್ಬದಿಯಲ್ಲೂ ಗೋಡೆಗೆ ಗೋಡೆ ಅಂಟಿದ ಮನೆಗಳು. ಲೋಡನ್ನು ಬಯಲಲ್ಲಿ ಸುರಿಯದೆ ಬೆಂಕಿ ಆರದು. ನೇರ ಹೋದರೆ ಪೆಟ್ರೋಲ್ ಬಂಕ್. ಎಡಕ್ಕೆ ಹೊರಳಿದರೆ ನಗರಸಭೆ ಕಚೇರಿಯ ಅಂಗಳ.

“ಹತ್ತು ಒಳಗೆ!” ಎಂದು ಭಾಮೈದನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹಾರನ್ನಿನಿಂದ ಕೈ ತೆಗೆಯದೆ ಲಾರಿ ಓಡಿಸಿದ.

ಕಚೇರಿಯ ಕಾವಲುಗಾರ ಅಡ್ಡ ನಿಂತ. “ಇಲ್ಲಿಗ್ಯಾಕೆ ತರ್ತೀರಿ? ಮೊನ್ನೆ ತಾನೆ ಹುಲ್ಲು ಹಾಕ್ಸಿದ್ದಾರೆ!”

“ಬೆಂಕಿ ಕಣ್ರೀ! ತೆಗೀರಿ, ಇಲ್ಲಾಂದ್ರೆ ಗೇಟನ್ನೂ ಎಳ್ಕೊಂಡು ಬರ್ತೀನಿ!”

ಗೇಟು ತೆರೆಯಿತು. ಆದರೆ ಲಾರಿಯ ಹಿಂಬಾಗಿಲಿನ ಎರಡು ಚಿಲಕಗಳನ್ನು ಕೈಯಿಂದಲೇ ತೆಗೆಯಬೇಕು. ಆಮೇಲೆ ಕ್ಯಾಬಿನ್ ಒಳಗಿನ ಲಿವರ್ ಎಳೆದರೆ ಬಾಗಿಲು ಮೇಲೆದ್ದು ಕಸ ಹೊರಬೀಳುತ್ತದೆ.

“ನಾನ್ ಹೋಗ್ತೀನಿ, ನೀನು ಲಿವರ್ ಹಿಡಿ.”

“ಹಿಡಿದು ಏನ್ ಮಾಡ್ಲಿ? ನಂಗೆಲ್ಲಿ ಬರುತ್ತೆ?” ಎನ್ನುತ್ತಲೇ ಭಾಮೈದ ಧುಮುಕಿ ಹೊಗೆಯಲ್ಲಿ ಮರೆಯಾದ.

ಒಂದು ಚಿಲಕ ಬಿಚ್ಚಿದ ಸದ್ದಾಯಿತು. ಇನ್ನೊಂದರದು ಕೇಳಿಸಲಿಲ್ಲ. ಕನ್ನಡಿಯಲ್ಲಿ ಹೊಗೆಯೊಂದೇ.

“ಬಿಟ್ಬಿಡು! ಈಚೆ ಬಾ!”

ಲಿವರ್ ಮೇಲೆ ಕೈಯಿಟ್ಟು ಕಿವಿಗೊಟ್ಟ. ಅಷ್ಟರಲ್ಲಿ ಖಣ್ ಎಂದಿತು. ಚಿಲಕವೇನೋ ಬಿಚ್ಚಿತು, ಬಿಚ್ಚಿದವನು ಎಲ್ಲಿ? ಅವನು ಇನ್ನೂ ಅಲ್ಲೇ ಇದ್ದರೆ ಉರಿಯುವ ಕಸವೆಲ್ಲ ಅವನ ಮೇಲೆ. ತಡಮಾಡಿದರೆ ಡೀಸೆಲ್ ಟ್ಯಾಂಕ್ ಹೊತ್ತೀತು. ಕಿಟಕಿಯಿಂದ ತಲೆ ಹೊರಹಾಕಿ ಹಿಂದೆ ನೋಡಿದ.

“ಬಂದ! ಈಚೆ ಬಂದ!” ಗೇಟಿನಿಂದ ಕಾವಲುಗಾರ ಕೈ ಬೀಸಿ ಕಿರುಚಿದ.

ಲಿವರ್ ಎಳೆದ. ಕಸ ಧಗಧಗಿಸುತ್ತ ಹುಲ್ಲಿನ ಮೇಲೆ ಜಾರಿತು. ಲಾರಿಯನ್ನು ಮುಂದಕ್ಕೆ ತಂದು ಓಡಿ ಬಂದು ನೋಡಿದರೆ, ಭಾಮೈದ ನೆಲಕ್ಕೆ ಕುಸಿದು ಕೆಮ್ಮುತ್ತಿದ್ದ. ಹುಬ್ಬು ಸುಟ್ಟಿತ್ತು, ಎರಡೂ ಅಂಗೈ ಬೊಬ್ಬೆ.

ಕಚೇರಿಯೊಳಗಿಂದ ಅಧಿಕಾರಿ ಓಡಿ ಬಂದವರೇ ಗುಡುಗಿದರು. “ಇಲ್ಲಿ ಸುರಿಯೋಕೆ ಯಾರಪ್ಪಾ ಹೇಳಿದ್ದು?”

“ಆಮೇಲೆ ಎಷ್ಟು ಬೇಕಾದ್ರೂ ಬೈಯಿರಿ ಸಾರ್. ಮೊದ್ಲು ಇವನನ್ನ ಆಸ್ಪತ್ರೆಗೆ ಕಳಿಸಿ.”

ಅವರು ಆ ಅಂಗೈಗಳನ್ನು ನೋಡಿದರು. ತಮ್ಮ ಕಾರನ್ನೇ ಕರೆಸಿದರು. ಅಗ್ನಿಶಾಮಕದವರು ಬಂದು ಬೆಂಕಿ ಆರಿಸಿದರು.

ಸಂಜೆ ಮನೆಯಲ್ಲಿ ತಮ್ಮನ ಬ್ಯಾಂಡೇಜು ಕಂಡ ಹೆಂಡತಿ ಗಂಡನತ್ತ ತಿರುಗಿದಳು. “ಹೋಗು ಅಂದಿದ್ದು ನೀವಾ?”

“ಅಲ್ಲ. ಆದ್ರೆ ರಟ್ಟೆ ಹಿಡಿದು ನಿಲ್ಲಿಸ್ಲೂ ಇಲ್ಲ.”

“ಅಕ್ಕಾ, ಭಾವ ಬೇಡ ಅಂದ್ರೂ ನಾನೇ ಹೋದೆ” ಎಂದ ತಮ್ಮ.

ಅವಳು ತಟ್ಟೆ ತಂದು ತಮ್ಮನ ಬಾಯಿಗೆ ತುತ್ತಿಡತೊಡಗಿದಳು. ಗಂಡ ಹೊಗೆ ನಾರುವ ಅಂಗಿಯಲ್ಲಿ ಬಾಗಿಲಲ್ಲೇ ನಿಂತಿದ್ದ. ಕೊನೆಯ ತುತ್ತು ಇಟ್ಟ ಮೇಲೆ, ಅವನತ್ತ ನೋಡದೆಯೇ ಅಂದಳು:

“ಬಟ್ಟೆ ಬದಲಾಯಿಸಿ ಬನ್ನಿ. ನಿಮಗೂ ಬಡಿಸ್ತೀನಿ.”