ಪರೀಕ್ಷೆಯ ದಿನದ ಬೆಂಕಿ

ನದಿದಂಡೆಯ ಟಾರ್ಲಿ ಫೆರಿ ಎಂಬ ಊರಿನ ಗಾಜಿನ ಕಾರ್ಖಾನೆಯಲ್ಲಿ ಕುಲುಮೆ ನೋಡಿಕೊಳ್ಳುತ್ತಿದ್ದವಳು ವರ್ನಾ ಹುಡಾಕ್. ಕುಲುಮೆಯ ಗೋಡೆಯಲ್ಲಿ ಅಂಗೈಯಗಲದ ಒಂದು ಕಿಂಡಿ. ಮುಚ್ಚಳ ಸರಿಸಿ, ಕಡುನೀಲಿ ಗಾಜಿನ ತುಂಡನ್ನು ಕಣ್ಣಿಗೆ ಹಿಡಿದು ಅವಳು ಒಳಗೆ ನೋಡುವಳು. ಒಳಗೆ ಕರಗಿದ ಗಾಜಿನ ಕೆರೆ. ಅದರ ಮೇಲೆ ಈ ಗೋಡೆಯಿಂದ ಆ ಗೋಡೆಯವರೆಗೆ ಹಾಸಿಕೊಂಡ ಬೆಂಕಿ. ಆ ಬೆಂಕಿಯ ಅಂಚು ಹೇಗೆ ಮಡಚಿಕೊಂಡಿದೆ ಎಂಬುದನ್ನು ನೋಡಿ ಅವಳು ಗಾಳಿಯ ಚಕ್ರವನ್ನು ಒಂಚೂರು ಇತ್ತ, ಒಂಚೂರು ಅತ್ತ ತಿರುಗಿಸುವಳು. ಅಷ್ಟೇ ಅವಳ ಕೆಲಸ. ಅಷ್ಟರಲ್ಲೇ ಅವಳ ಹರೆಯ ಕಳೆದು ಕೂದಲು ನರೆತಿತ್ತು.

ಗಾಜಿನ ಕುಲುಮೆಗೆ ಭಾನುವಾರವಿಲ್ಲ. ಒಮ್ಮೆ ತಣ್ಣಗಾದರೆ ಒಳಗಿನ ಗಾಜು ಕಲ್ಲಾಗಿ ಇಟ್ಟಿಗೆಯನ್ನೇ ಸೀಳಿಬಿಡುತ್ತದೆ, ಮತ್ತೆ ಹೊತ್ತಿಸುವ ಮಾತಿಲ್ಲ. ಆದ್ದರಿಂದ ಕ್ರಿಸ್ಮಸ್ಸಿನ ದಿನವೂ ಪಾಳಿಯವರು ಬರಬೇಕು. ಅಂದು ಅವರವರ ಮನೆಯವರು ಆಲೂಗಡ್ಡೆ ತುಂಬಿದ ಪಿರೋಗಿ ಕಡುಬುಗಳನ್ನು ಬೆಣ್ಣೆಯಲ್ಲಿ ಹೊರಳಿಸಿ, ಬಟ್ಟೆಯಲ್ಲಿ ಸುತ್ತಿ ತರುತ್ತಿದ್ದರು. ಕುಲುಮೆಯ ಕಟ್ಟೆಯ ಮೇಲೆ ಕೂತು ಎಲ್ಲರೂ ತಿನ್ನುತ್ತಿದ್ದರು. ಹೊರಗೆ ನದಿ ಹೆಪ್ಪುಗಟ್ಟಿದ್ದರೂ ಅಲ್ಲಿ ಅಂಗಿ ಬಿಚ್ಚಿಡಬೇಕು ಅನ್ನಿಸುವಷ್ಟು ಸೆಕೆ.

ವರ್ನಾ ಹೊಗೆಯ ಪರವಾಗಿದ್ದವಳಲ್ಲ. ಅವಳು ಸಣ್ಣವಳಿದ್ದಾಗ ಅಮ್ಮ ಒಣಹಾಕಿದ ದಿಂಬಿನ ಚೀಲಗಳು ಸಂಜೆಗೆ ಬೂದುಬಣ್ಣಕ್ಕೆ ತಿರುಗಿರುತ್ತಿದ್ದವು. ಆ ಕಾಲದ ಕಾಯಿದೆಗಳು ಬಂದವು, ಚಿಮಣಿಗೆ ಜಾಲರಿ ಕೂತಿತು, ಬಟ್ಟೆ ಬೆಳ್ಳಗಾಯಿತು. ಅದನ್ನು ಅವಳು ಮರೆತಿರಲಿಲ್ಲ. ಆದರೆ ಈಗಿನ ಕಾಯಿದೆ ಕಣ್ಣಿಗೆ ಕಾಣದ್ದರ ಬಗ್ಗೆ ಇತ್ತು. ಬೆಂಕಿ ಹೆಚ್ಚು ಗಾಳಿ ಕುಡಿದರೆ ಹುಟ್ಟುವ, ಬಣ್ಣವೇ ಇಲ್ಲದ ಒಂದು ಅನಿಲದ ಬಗ್ಗೆ. ಅದನ್ನು ಅಳೆಯಲು ಪರಿಸರ ಇಲಾಖೆಯವರು ಬರುತ್ತಾರೆ ಎಂದು ಸುದ್ದಿಯಾಯಿತು.

ಯೂನಿಯನ್ನಿನ ಮುಂದಾಳು ಕ್ಲೀಟ್ ಮಾರೊವಿಚ್ ಕುಲುಮೆಯ ಕಟ್ಟೆ ಹತ್ತಿ ಬಂದ. ದಪ್ಪ ಕುತ್ತಿಗೆಯ, ಮಾತಿಗೆ ಮುಂಚೆ ಉಸಿರು ಬಿಡುವ ಮನುಷ್ಯ.

"ವರ್ನಾ, ಎಲ್ಲಾ ನಿನ್ನ ಕೈಲಿದೆ ಕಣೇ. ಫೇಲ್ ಆದ್ರೆ ಬಾಗಿಲು ಹಾಕ್ತಾರಂತೆ."

"ನಾನಿರೋವಾಗ ಫೇಲಾ? ಹೋಗಿ ಮಲಕ್ಕೊ."

"ಮಲಗಿದ್ರೆ ಹೆಂಡತಿ ಬೈತಾಳೆ, ಎದ್ದಿದ್ರೆ ನೀನು ಬೈತೀಯ."

ಅವಳು ಮಾಡಿದ್ದು ಯಾವ ಗೃಹಿಣಿಯಾದರೂ ಮಾಡುವ ಕೆಲಸ. ಬೀಗರು ಬರುವ ಹಿಂದಿನ ದಿನ ಮೂಲೆಮೂಲೆ ಗುಡಿಸಿ, ಒಡೆದ ಲೋಟ ಅಡಗಿಸಿ, ಮಕ್ಕಳಿಗೆ ಗದರಿಸಿ ಕೂರಿಸುವ ಹಾಗೆ ಅವಳು ಬೆಂಕಿಯನ್ನು ಸಿದ್ಧಮಾಡಿದಳು. ಉರಿಯುವ ಬಾಯಿಗಳನ್ನೆಲ್ಲ ಒಂದೊಂದಾಗಿ ಬಿಚ್ಚಿಸಿ ಉಜ್ಜಿಸಿದಳು. ಅಳತೆಯ ದಿನ ಕಿಂಡಿ ಬಿಟ್ಟು ಕದಲಲಿಲ್ಲ. ಗಾಳಿಯನ್ನು ಕೂದಲೆಳೆಯಷ್ಟು ಕಡಿಮೆ ಮಾಡುವುದು, ಬೆಂಕಿ ಮಂಕಾಗಿ ಗಾಜಿನ ಮೇಲೆ ಹೊಗೆ ಕೂರುವ ಮುಂಚೆ ಮತ್ತೆ ಕೂದಲೆಳೆಯಷ್ಟು ಕೊಡುವುದು. ಅದರಲ್ಲಿ ಮೋಸ ಏನೂ ಇರಲಿಲ್ಲ. ತುಂಬಿದ ಬಟ್ಟಲನ್ನು ತುಳುಕಿಸದೆ ಹೊಸ್ತಿಲು ದಾಟಿಸುವವಳ ಹಾಗೆ, ಉಸಿರು ಬಿಗಿಹಿಡಿದು, ಆ ಒಂದು ದಿನವನ್ನು ಅವಳು ದಾಟಿಸಿದಳು.

ಚಿಮಣಿಯ ಮೇಲಿದ್ದ ಯಂತ್ರ ತೋರಿಸಿದ ಅಂಕಿಯನ್ನು ನೋಡಿ ಇಲಾಖೆಯ ಮೇಡಂ ಪ್ರೂವಿಟ್ ಹುಬ್ಬೇರಿಸಿದಳು. ಕಾಯಿದೆ ಕೇಳಿದ್ದಕ್ಕಿಂತ ಎಷ್ಟೋ ಕಡಿಮೆ.

"ಇದು ಅದ್ಭುತ. ಇಷ್ಟು ಹಳೇ ಕುಲುಮೇಲಿ ಇಂಥದ್ದು ನಾನು ನೋಡೇ ಇಲ್ಲ" ಎಂದಳು.

ಆ ಸಂಜೆ ಕ್ಲೀಟ್ ಎಲ್ಲರಿಗೂ ಬಿಯರ್ ಕೊಡಿಸಿದ. ವರ್ನಾಳ ಗಂಡ ಗಸ್, ಉಕ್ಕಿನ ಕಾರ್ಖಾನೆಯಲ್ಲಿ ಬೆನ್ನು ಮುರಿದುಕೊಂಡು ಮನೆ ಸೇರಿದವನು, ಅಂದು ಊರುಗೋಲು ಹಿಡಿದು ಬಂದು ಹೆಂಡತಿಯ ಪಕ್ಕದಲ್ಲಿ ಗಂಭೀರವಾಗಿ ಕೂತಿದ್ದ.

ಚಳಿ ಇಳಿಯುವ ಹೊತ್ತಿಗೆ ಹೊಸ ಪರವಾನಗಿ ಬಂತು. ಅದರಲ್ಲಿ ಕಾರ್ಖಾನೆ ಮೀರಬಾರದ ಮಿತಿಯಿತ್ತು. ಆ ಮಿತಿ ಕಾಯಿದೆಯದ್ದಾಗಿರಲಿಲ್ಲ, ವರ್ನಾಳ ಆ ಒಂದು ದಿನದ ಅಂಕಿಯಾಗಿತ್ತು. ಮಾಡಿ ತೋರಿಸಿದ್ದೀರಿ, ಇನ್ನು ದಿನಾ ಹಾಗೇ ಮಾಡಿ ಎಂಬುದು ಇಲಾಖೆಯ ಲೆಕ್ಕ.

ದಿನಾ ಉಸಿರು ಬಿಗಿಹಿಡಿದು ಬದುಕಲು ಯಾರಿಗೆ ಸಾಧ್ಯ? ವರ್ನಾ ಪ್ರಯತ್ನಿಸಿದಳು. ಗಾಳಿ ಕಡಿಮೆಯಾದ ಬೆಂಕಿ ಸೋಮಾರಿಯಾಯಿತು, ಗಾಜು ಸರಿಯಾಗಿ ಕುದಿಯಲಿಲ್ಲ, ಬಾಟಲಿಗಳಲ್ಲಿ ಸಾಸಿವೆಯಷ್ಟು ಸಣ್ಣ ಗುಳ್ಳೆಗಳು ತುಂಬಿಕೊಂಡವು. ಉಪ್ಪಿನಕಾಯಿ ಕಂಪನಿಯವರು ಲಾರಿಗಳನ್ನು ಹಾಗೇ ಹಿಂದಕ್ಕೆ ಕಳಿಸಿದರು. ಗಾಳಿ ಕೊಟ್ಟರೆ ದಂಡ, ಕೊಡದಿದ್ದರೆ ಗುಳ್ಳೆ.

ಗುಡ್ಡದ ಆಚೆ ಸರ್ಕಾರದ ಹಸಿರು ನಿಧಿಯ ದುಡ್ಡಿನಲ್ಲಿ ಬ್ಯಾಟರಿ ಕಾರ್ಖಾನೆಯೊಂದು ಏಳುವುದಿತ್ತು. ಸದ್ಯಕ್ಕೆ ಎದ್ದಿದ್ದು ಬೇಲಿ ಮತ್ತು ಬೋರ್ಡು. ಬೋರ್ಡಿನ ಮೇಲೆ ಹೆಲ್ಮೆಟ್ ಹಾಕಿಕೊಂಡು ನಗುವ ಹುಡುಗಿ. ಅವಳ ಸೊಂಟದವರೆಗೆ ಕಳೆ ಬೆಳೆದಿತ್ತು. ಅದೇ ನಿಧಿಯಿಂದ ಕರೆಂಟಿನ ಕುಲುಮೆ ಕಟ್ಟಿಸಿಕೊಡಿ ಎಂದು ಗಾಜಿನವರು ಕೇಳಿದ್ದರು. ಹೊಸ ಉದ್ಯಮಗಳಿಗೆ ಮೊದಲ ಆದ್ಯತೆ ಎಂದು ಉತ್ತರ ಬಂದಿತ್ತು.

ಅಹವಾಲು ಕೇಳಲು ಇಲಾಖೆಯವರು ಅಗ್ನಿಶಾಮಕ ಠಾಣೆಯ ಸಭಾಂಗಣಕ್ಕೆ ಬಂದರು. ಈಸ್ಟರ್ ಉಪವಾಸದ ಕಾಲ. ಮಾಂಸ ಬಿಡುವ ಶುಕ್ರವಾರಕ್ಕೆಂದು ಅಲ್ಲಿ ಕರಿದ ಮೀನಿನ ವಾಸನೆ ಗೋಡೆಗಳಲ್ಲಿ ಇನ್ನೂ ಉಳಿದಿತ್ತು. ವರ್ನಾ ಎದ್ದು ನಿಂತಳು.

"ಮೇಡಂ, ಅದು ನೀವು ಬರ್ತೀರ ಅಂತ ಮಾಡಿದ್ದು. ನೆಂಟರು ಬಂದ ದಿನ ಮನೆ ಹೇಗಿರುತ್ತೆ, ಹಾಗೆ. ನಿಮ್ಮ ಮನೆ ದಿನಾ ಹಾಗಿರುತ್ತಾ?"

ಇಡೀ ಸಭೆ ನಕ್ಕಿತು. ಪ್ರೂವಿಟ್ ಕೂಡ ನಕ್ಕಳು, ಅದು ವರ್ನಾಳಿಗೆ ಬೈಗುಳಕ್ಕಿಂತ ಹೆಚ್ಚು ಚುಚ್ಚಿತು.

"ನಿಮ್ಮ ಕಷ್ಟ ನನಗೆ ಅರ್ಥವಾಗುತ್ತೆ ಮಿಸೆಸ್ ಹುಡಾಕ್. ಆದ್ರೆ ಆಗುತ್ತೆ ಅಂತ ತೋರಿಸಿದವರು ನೀವೇ. ಆಗಲ್ಲ ಅಂತ ಈಗ ನಾನು ಹೇಗೆ ಬರೀಲಿ?"

"ಬಂದು ಕಿಂಡೀಲಿ ನೋಡಿ ಬರೀರಿ."

"ಅದಕ್ಕೆ ಅವಕಾಶ ಇಲ್ಲ."

ಮಾತು ಅಲ್ಲಿಗೆ ಮುಗಿಯಿತು. ಬಾಗಿಲ ಬಳಿ ಕ್ಲೀಟ್ ಅವಳಿಗೆ ದಾರಿ ಬಿಡಲಿಲ್ಲ.

"ಪಾಸ್ ಮಾಡು ಅಂದೆ ಕಣೇ. ಫಸ್ಟ್ ರ್‍ಯಾಂಕ್ ತಗೊ ಅಂದ್ನಾ? ನಿನ್ನ ಜಂಬಕ್ಕೆ ನಮ್ಮೆಲ್ಲರ ತಟ್ಟೆ ಖಾಲಿ."

ಅವಳು ಅವನನ್ನು ಸರಿಸಿ ಹೊರಗೆ ನಡೆದಳು. ಕಾರಿನಲ್ಲಿ ಗಸ್, "ಅವನ ಬಾಯಿಗೆ ಬೀಗ ಇಲ್ಲ, ಬಿಡು" ಎಂದ. ಸ್ವಲ್ಪ ದೂರ ಹೋದ ಮೇಲೆ, "ಆದ್ರೂ ಸ್ವಲ್ಪ ಕೆಟ್ಟದಾಗಿ ಮಾಡಬಹುದಿತ್ತು ನೀನು" ಎಂದೂ ಸೇರಿಸಿದ.

ಮಾಲೀಕರು ಕಾರ್ಖಾನೆ ಮುಚ್ಚುವುದೆಂದು ತೀರ್ಮಾನಿಸಿ, ಜೂನ್‌ನಲ್ಲಿ ಕುಲುಮೆಯನ್ನು ಬರಿದು ಮಾಡಿಸಿದರು. ತಳದ ತೂತು ಕೊರೆದಾಗ ಗಾಜು ಜೇನಿನ ಹಾಗೆ, ಆತುರವಿಲ್ಲದೆ ಇಳಿದು, ನೀರಿನ ತೊಟ್ಟಿಯಲ್ಲಿ ಬಿದ್ದು ಚಟಪಟ ಒಡೆಯಿತು. ವರ್ನಾ ಕೊನೆಯವರೆಗೂ ನಿಂತು ನೋಡಿದಳು. ಯಾರೂ ಅವಳ ಪಕ್ಕ ನಿಲ್ಲಲಿಲ್ಲ.

ಮನೆಗೆ ಬಂದರೆ ಇನ್ನೊಂದು ಚಿಂತೆ ಕಾದಿತ್ತು. ಗಸ್‌ನ ಬೆನ್ನಿನ ಆಪರೇಶನ್ ಶರತ್ಕಾಲಕ್ಕೆಂದು ನಿಗದಿಯಾಗಿತ್ತು. ಅವಳ ಕೆಲಸದ ಜೊತೆಗೆ, ಅದರ ಖರ್ಚು ಕೊಡಬೇಕಿದ್ದ ಕಾರ್ಖಾನೆಯ ವಿಮೆಯೂ ಹೋಗಿತ್ತು. ಬ್ಯಾಟರಿಯವರ ಬಳಿ ಕೇಳಿದರೆ, ಮುಂದಿನ ವರ್ಷ ಬನ್ನಿ ಎಂದರು. ಅದೇ ಹೊತ್ತಿಗೆ ಪ್ರೂವಿಟ್ ತಾನೇ ಅವರ ಮನೆಗೆ ಬಂದಳು. ಅಡುಗೆಮನೆಯ ಮೇಜಿನ ಬಳಿ ಕೂತು, ಕೊಟ್ಟ ಕಾಫಿಯನ್ನು ಪೂರ್ತಿ ಕುಡಿದಳು.

"ಹಸಿರು ನಿಧಿಯಿಂದ ಒಂದು ಹುದ್ದೆ ಮಾಡಿಸಿದ್ದೀನಿ, ನಿಮ್ಮನ್ನು ಮನಸ್ಸಲ್ಲಿಟ್ಟುಕೊಂಡೇ. ನದಿಯುದ್ದಕ್ಕೂ ಇರೋ ಗಾಜಿನ ಕಾರ್ಖಾನೆಗಳಿಗೆ ಹೋಗಿ ಕುಲುಮೆಯವರಿಗೆ ಕಲಿಸೋದು. ನೀವು ಅವತ್ತು ಮಾಡಿದ್ದನ್ನು. ಸಂಬಳ ಚೆನ್ನಾಗಿದೆ, ವಿಮೆ ಇದೆ."

ವಿಮೆ ಎಂಬ ಮಾತಿಗೆ ಗಸ್ ಕುರ್ಚಿಯಲ್ಲಿ ಮೆಲ್ಲಗೆ ಜರುಗಿದ್ದು ವರ್ನಾಳಿಗೆ ಕೇಳಿಸಿತು.

"ಕಲಿತ ಮೇಲೆ ಅವರಿಗೂ ಅದೇ ಅಂಕಿ ಬರೀತೀರಾ?"

"ಗಾಳಿ ಎಲ್ಲರದ್ದು ಅಲ್ವಾ ಮಿಸೆಸ್ ಹುಡಾಕ್?"

ಪ್ರೂವಿಟ್ ಕೆಟ್ಟವಳಲ್ಲ. ಹೊರಡುವಾಗ ಗಸ್‌ನ ಬೆನ್ನಿನ ಬಗ್ಗೆ ವಿಚಾರಿಸಿದಳು, ಹಾಸ್ಪಿಟಲ್ಲಿನ ಹೆಸರು ಕೇಳಿದಳು. ಅವಳ ಕಾರು ಬ್ಯಾಟರಿಯದ್ದು, ಬಂದದ್ದೂ ತಿಳಿಯಲಿಲ್ಲ, ಹೋದದ್ದೂ ತಿಳಿಯಲಿಲ್ಲ.

"ಸೋಮವಾರದೊಳಗೆ ಹೇಳಿ ಅಂದ್ಲು" ಎಂದ ಗಸ್.

"ಕೇಳಿಸ್ತು."

"ನಾನೇನೂ ಹೇಳಲ್ಲ."

"ಹೇಳಬೇಡ."

ಮರುದಿನ ಅವಳು ನದಿಯ ಕೆಳಗಿನ ಊರಿಗೆ ಕಾರು ಓಡಿಸಿದಳು. ಅಲ್ಲಿನ ಗಾಜಿನ ಕಾರ್ಖಾನೆಯ ಕುಲುಮೆಯವನು ಆರಿನ್ ಟೀಗ್. ಇಬ್ಬರಿಗೂ ಹಳೆಯ ಪೈಪೋಟಿ. ಯೂನಿಯನ್ನಿನ ಸಂತೋಷಕೂಟಗಳಲ್ಲಿ, ಯಾರ ಗಾಜು ತಿಳಿ ಎಂದು ಬಾಟಲಿಗಳನ್ನು ಸೂರ್ಯನಿಗೆ ಹಿಡಿದು ಜಗಳವಾಡಿದವರು. ಅವನ ಕುಲುಮೆಗೆ ಅಳತೆ ಅದೇ ವಾರ ಇತ್ತು.

ಆರಿನ್ ಅವಳನ್ನು ಕಂಡದ್ದೇ ಕಟ್ಟೆಗೆ ಕರೆದೊಯ್ದ. ಉರಿಬಾಯಿಗಳೆಲ್ಲ ಉಜ್ಜಿ ಹೊಳೆಯುತ್ತಿದ್ದವು. ನೆಲಕ್ಕೂ ಬಣ್ಣ ಬಳಿಸಿದ್ದ.

"ನೋಡು" ಎಂದು ತನ್ನ ನೀಲಿ ಗಾಜನ್ನು ಅವಳ ಕೈಗಿತ್ತ.

ಅವಳು ಕಿಂಡಿಯಲ್ಲಿ ನೋಡಿದಳು. ಬೆಂಕಿ ತೆಳ್ಳಗೆ, ನಾಜೂಕಾಗಿ, ಮಲಗಿದ ಮಗುವಿನ ಮೇಲೆ ಹೊದಿಸಿದ ಬಟ್ಟೆಯ ಹಾಗೆ ಹಾಸಿಕೊಂಡಿತ್ತು. ಅವಳದಕ್ಕಿಂತ ಚೆನ್ನಾಗಿತ್ತು. ಅದನ್ನು ಒಪ್ಪಿಕೊಳ್ಳಲು ಅವಳಿಗೆ ಒಂದು ಗಳಿಗೆ ಬೇಕಾಯಿತು.

"ನಿನ್ನ ಅಂಕಿ ಮುರೀತೀನಿ ನೋಡ್ತಿರು" ಎಂದ ಆರಿನ್.

"ಮುರೀಬೇಡ. ದಿನಾ ಹೇಗೆ ಉರಿಸ್ತೀಯೋ ಹಾಗೆ ಉರಿಸು. ಕಾಯಿದೇಲೂ ಹಾಗೇ ಇದೆ, ಎಂದಿನಂತೆ ಓಡಿಸಿ ಅಂತ. ಕಾಯಿದೆಯ ಮಿತಿಯೊಳಗಿದ್ರೆ ಸಾಕು."

ಅವನ ಮುಖ ಗಂಟಿಕ್ಕಿತು. "ಓಹೋ. ನಿನ್ನ ಕುಲುಮೆ ಆರಿತು, ಈಗ ನನ್ನದರ ಮೇಲೆ ಹೊಟ್ಟೆಕಿಚ್ಚಾ? ಕೈಲಾಗದೋರು ಬಂದು ಬುದ್ಧಿ ಹೇಳೋ ಹಾಗಾಯ್ತು."

"ಕೈಲಾಗಿದ್ದಕ್ಕೇ ಆರಿದ್ದು ಕಣೋ."

ಅವಳು ಪರವಾನಗಿಯ ಕಥೆ ಹೇಳಿದಳು. ಗುಳ್ಳೆಗಳನ್ನು, ಹಿಂದಕ್ಕೆ ಬಂದ ಲಾರಿಗಳನ್ನು, ಕ್ಲೀಟ್ ಬಾಗಿಲಲ್ಲಿ ಅಂದದ್ದನ್ನು. ಆರಿನ್ ಕೈಕಟ್ಟಿ ಕೇಳಿದ, ನಂಬಿದ ಹಾಗೆ ಕಾಣಲಿಲ್ಲ. ನಿಮ್ಮದು ಹಳೇ ಕುಲುಮೆ, ನಿಮ್ಮ ಮಾಲೀಕರು ಜಿಪುಣರು, ನಿಮ್ಮ ಇಟ್ಟಿಗೆ ಸರಿಯಿರಲಿಲ್ಲ ಎಂದ. ಕೊನೆಗೆ ಅವಳು ಹೇಳಬಾರದು ಎಂದುಕೊಂಡಿದ್ದನ್ನೂ ಹೇಳಿದಳು.

"ನಿಂಗೆ ಇದನ್ನು ಕಲಿಸೋಕೆ ನನ್ನನ್ನೇ ಕಳಿಸ್ತಾರಂತೆ. ಸಂಬಳ ಕೊಟ್ಟು. ಗಸ್‌ನ ಆಪರೇಶನ್ನಿಗೂ ಆಗುತ್ತೆ."

ಆರಿನ್ ಕೈ ಬಿಚ್ಚಿದ. "ಒಪ್ಕೊಂಡ್ಯಾ?"

"ಒಪ್ಕೊಂಡಿದ್ರೆ ಇವತ್ತು ಇಲ್ಲಿಗೆ ಯಾಕೆ ಬರ್ತಿದ್ದೆ?"

"ಗಸ್ ಏನಂದ?"

"ಏನೂ ಅನ್ನಲ್ಲ ಅಂದ. ಅದು ಇನ್ನೂ ಕಷ್ಟ."

ಕೆಳಗೆ ಯಂತ್ರಗಳು ಬಾಟಲಿಗಳನ್ನು ಉಗುಳುತ್ತಿದ್ದವು. ಹಸಿಗೆಂಪು ಬಾಟಲಿಗಳು ಸಾಲಾಗಿ ಬಂದು, ನೋಡನೋಡುತ್ತಿದ್ದಂತೆ ಬಣ್ಣ ಕಳೆದುಕೊಂಡು ತಿಳಿಯಾಗುತ್ತಿದ್ದವು. ಮಾತು ಕೇಳಿಸಬೇಕೆಂದರೆ ಕಿವಿಯ ಹತ್ತಿರ ಬರಬೇಕು. ಆರಿನ್ ತನ್ನ ಬೆಂಕಿಯ ಕಡೆಗೇ ನೋಡುತ್ತ ನಿಂತ.

ವರ್ನಾ ಗಾಳಿಯ ಚಕ್ರದ ಮೇಲೆ ಕೈಯಿಟ್ಟಳು. ಬೇರೆಯವರ ಕುಲುಮೆಯ ಚಕ್ರ ಮುಟ್ಟುವುದು ಆ ಕೆಲಸದವರಲ್ಲಿ ಹೊಡೆದಾಟಕ್ಕೆ ಸಮ. ಅವಳು ಅವನ ಮುಖ ನೋಡಿದಳು. ಅವನು ಒಂದು ಹೆಜ್ಜೆ ಹಿಂದೆ ಸರಿದ, ಅಷ್ಟೇ.

ಅವಳು ಚಕ್ರವನ್ನು ಗಾಳಿ ಹೆಚ್ಚಾಗುವ ಕಡೆಗೆ ತಿರುಗಿಸಿದಳು. ಒಳಗೆ ಬೆಂಕಿ ಮೈಮುರಿದು ಎದ್ದು, ಬೆಳ್ಳಗೆ, ಒರಟಾಗಿ, ಕೆಲಸದ ದಿನದ ಬೆಂಕಿಯ ಹಾಗೆ ಭೋರೆಂದಿತು.