ಗೆಂಗ್ ಷೆಂಗನ ಅಸ್ಥಿ

ಗೆಂಗ್ ಷೆಂಗನನ್ನು ಅಲೆಮಾರಿ ಷಿಯೊಂಗ್ನು ಸವಾರರು ಹಿಡಿದದ್ದು ಯುದ್ಧದಲ್ಲೇನಲ್ಲ. ಹಾನ್ ದೇಶದ ಗಡಿಗೋಡೆಯ ಕಾವಲಿನವರಿಗೆ ನವಣೆ ಹೊತ್ತು ಹೊರಟಿದ್ದ ಗಾಡಿಯ ಎತ್ತು ಹಗ್ಗ ಕಿತ್ತುಕೊಂಡು ಹುಲ್ಲುಗಾವಲಿಗೆ ಓಡಿತು, ಪುಣ್ಯಾತ್ಮ ಅದರ ಹಿಂದೆ ಓಡಿದ. ಎತ್ತನ್ನು ಅವರು ಆ ಸಂಜೆಯೇ ತಿಂದರು, ಇವನನ್ನು ಕುರಿ ಕಾಯಲು ಇಟ್ಟುಕೊಂಡರು. ಮೊದಲ ಚಳಿಗಾಲವೆಲ್ಲ ನವಣೆ ಅನ್ನ, ನವಣೆ ಅನ್ನ ಎಂದು ಅತ್ತ. ಕುದುರೆ ಹಾಲಿನ ಹುಳಿ ಹೆಂಡದ ವಾಸನೆಗೇ ಓಕರಿಸಿದ. ಈಗ ನೋಡಿ, ಅದೇ ಹೆಂಡವನ್ನು ಯಾರಾದರೂ ಸರಿಯಾಗಿ ಕಡೆಯದಿದ್ದರೆ ಇವನೇ ಮೈಮೇಲೆ ಬೀಳುತ್ತಾನೆ. ಎರ್ಖಾ ಎಂಬ ಗಟ್ಟಿಗಿತ್ತಿಯನ್ನು ಕಟ್ಟಿಕೊಂಡ, ಮಕ್ಕಳಾದವು. ಪಕ್ಕದ ಗುಡಾರಕ್ಕೂ ಕುದುರೆ ಏರಿಯೇ ಹೋಗುವಂಥವನಾದ.

ಹೀಗೆ ಸುಖವಾಗಿದ್ದವನನ್ನು ಹಾನ್ ಚಕ್ರವರ್ತಿ ಮರೆತಿರಲಿಲ್ಲ ಎಂಬುದೇ ಗ್ರಹಚಾರ. ಸಂಧಿಯಾಯಿತು. ಆ ಕಡೆಯಿಂದ ರೇಷ್ಮೆ ಬರಬೇಕು, ಈ ಕಡೆಯಿಂದ ಸೆರೆಯಾಳುಗಳೆಲ್ಲ ವಾಪಸಾಗಬೇಕು. ಬಿಡಿಸಿಕೊಂಡು ಹೋಗಲು ರಾಯಭಾರಿ ಹೊರಟಿದ್ದಾನೆಂಬ ಸುದ್ದಿಯೂ ಬಂತು.

"ಬರಲ್ಲ ಅಂದ್ಬಿಡು," ಎಂದಳು ಎರ್ಖಾ.

"ಹಂಗಂದ್ರೆ ನಾನು ದ್ರೋಹಿ. ಊರಲ್ಲಿರೋ ನನ್ನ ತಮ್ಮನ ತಲೆ ತೆಗೀತಾರೆ ಕಣೇ. ಅವರ ಕಾನೂನು ಅಂಥಾದ್ದು."

"ಥೂ! ಇಂಥವರು ನಮ್ಮನ್ನ ಕಾಡುಜನ ಅಂತಾರೆ! ಸರಿ ಬಿಡು, ನೀನು ಸತ್ತೋಗು."

ರಾಯಭಾರಿ ಬಂದಾಗ ಎರ್ಖಾ ಕೂದಲು ಕೆದರಿಕೊಂಡು, ಕೆನ್ನೆ ಗೀರಿಕೊಂಡು, ಗಂಡನ ಗೋರಿಯೆಂದು ಒಟ್ಟಿದ್ದ ಕಲ್ಲುಗುಡ್ಡೆಯ ಪಕ್ಕ ಬೋರಾಡುತ್ತಿದ್ದಳು. ಸತ್ತವನು ತೋಳದ ಚರ್ಮದ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು ರಾಯಭಾರಿಯ ಕುದುರೆ ಹಿಡಿದು ನಿಂತಿದ್ದ. ಎಲ್ಲ ಸಲೀಸಾಗಿ ಮುಗಿಯುತ್ತಿತ್ತು. ಆದರೆ ರಾಯಭಾರಿ ಕರುಣಾಳು, ಏನು ಮಾಡೋಣ!

"ಪರದೇಶದ ಮಣ್ಣಲ್ಲಿ ಬಿಟ್ಟು ಹೋಗೋದು ಹೇಗಮ್ಮ? ಅಸ್ಥಿನಾದ್ರೂ ಕೊಡಿ. ಅವನ ತಮ್ಮನೇ ಗಾಡಿ ಹೊಡ್ಕೊಂಡು ಬಂದಿದಾನೆ," ಎಂದ.

ಷೆಂಗ್ ಟೋಪಿಯಂಚಿನಿಂದ ಇಣುಕಿದ. ಗಾಡಿಯಿಂದ ಇಳಿದವನು ಲು, ಅವನ ಒಬ್ಬನೇ ತಮ್ಮ. ತಲೆ ಬೋಳಾಗಿತ್ತು, ಹೊಟ್ಟೆ ಬಂದಿತ್ತು.

"ಹೆಣ ಮುಟ್ಟೋದು ಹೆಂಗಸರ ಕೆಲಸ, ಗಂಡಸರು ನೋಡಬಾರದು," ಎಂದು ಎರ್ಖಾ ನಿಂತ ನಿಲುವಿನಲ್ಲೇ ಒಂದು ಸಂಪ್ರದಾಯ ಹುಟ್ಟಿಸಿದಳು. ಎಲ್ಲರೂ ಮರ್ಯಾದೆಯಿಂದ ಬೆನ್ನು ತಿರುಗಿಸಿದರು. ಅವಳು ಗುಡಾರದ ಹಿಂದೆ ನಾಯಿಗಳಿಗೆ ಎಸೆದಿದ್ದ ಎಲುಬುಗಳಲ್ಲಿ ಕೈಗೆ ಸಿಕ್ಕಿದ್ದನ್ನು ಕಂಬಳಿಯಲ್ಲಿ ಕಟ್ಟಿ ತಂದಳು.

ರಾಯಭಾರಿ ಗಂಟು ಬಿಚ್ಚಿದ. ಮೇಲೆಯೇ ಕುರಿಯ ದವಡೆ!

"ಇದೇನಿದು, ಇಷ್ಟು ಉದ್ದ?"

ಷೆಂಗ್ ಕುದುರೆಯ ಮರೆಗೆ ಸರಿದ. ಲು ತಲೆಯೆತ್ತಿ, ದವಡೆಯನ್ನಲ್ಲ, ಕುದುರೆ ಹಿಡಿದವನನ್ನು ನೋಡಿದ. ತುಂಬ ಹೊತ್ತು ನೋಡಿದ. ಆಮೇಲೆ ದವಡೆಯನ್ನು ಎದೆಗೆ ಅವಚಿಕೊಂಡು ಗೊಳೋ ಎಂದ.

"ಅಯ್ಯೋ, ಇವನೇ ಸ್ವಾಮಿ ನಮ್ಮಣ್ಣ! ನಮ್ಮ ಮನೆತನದೋರದ್ದೆಲ್ಲ ಉದ್ದ ಮುಖ. ಈ ಹಲ್ಲು ನೋಡಿ, ಇವನದ್ದೇ!"

"ನಿನ್ನ ಮುಖ ಗುಂಡಗಿದೆಯಲ್ಲಯ್ಯ?"

"ನಂದು ತಾಯಿ ಕಡೇದು, ಸ್ವಾಮಿ."

ಅಳುವವನನ್ನು ಇನ್ನೂ ಪ್ರಶ್ನಿಸುವುದು ಸುಸಂಸ್ಕೃತರಿಗೆ ಶೋಭಿಸದು. ರಾಯಭಾರಿ ಕುರಿಯ ದವಡೆಗೆ ತಲೆಬಾಗಿ ನಮಸ್ಕರಿಸಿದ.

ಗಂಟು ಗಾಡಿ ಏರಿತು. ಸತ್ತವರನ್ನು ಊರಿಗೆ ಒಯ್ಯುವಾಗ ಜೀವ ದಾರಿ ತಪ್ಪಬಾರದೆಂದು ಹೆಸರು ಹಿಡಿದು ಕೂಗುತ್ತಲೇ ಹೋಗಬೇಕು ಎಂಬುದು ಅವರ ಕಡೆಯ ಪದ್ಧತಿ. ಲು ಎತ್ತುಗಳನ್ನು ಹೊಡೆದ. ತಿರುಗಿ ನೋಡಲಿಲ್ಲ.

"ಅಣ್ಣಾ, ಷೆಂಗಣ್ಣಾ, ಮನೆಗೆ ಬಾರೋ! ಅವ್ವ ಹೋದ ಸುಗ್ಗೀಲಿ ತೀರಿಕೊಂಡಳೋ, ನರಳಲಿಲ್ಲ ಕಣೋ! ನಂಗೆ ಮೂರೂ ಹೆಣ್ಣೇ ಹುಟ್ಟಿದವೋ! ದೊಡ್ಡೋಳು ಥೇಟ್ ನಿನ್ನ ಹಂಗೇ ಅವ್ಳೆ ಕಣೋ! ಬಾರೋ ಅಣ್ಣಾ!"

ಷೆಂಗ್ ಓಗೊಡಲು ಬಾಯಿ ತೆರೆದ. ಎರ್ಖಾ ಪಕ್ಕೆಗೆ ತಿವಿದಳು.

"ಸತ್ತಿದೀಯ ಕಣಯ್ಯ, ಸುಮ್ನಿರು," ಎಂದಳು.

ಅವನು ಟೋಪಿಯನ್ನು ಬಾಯಿಗೆ ತುರುಕಿಕೊಂಡು ನಿಂತ. ಗಾಡಿ ದಿಣ್ಣೆಯಾಚೆ ಇಳಿದ ಮೇಲೂ ತಮ್ಮ ಕರೆಯುತ್ತಲೇ ಇದ್ದ.